ಸುರತ್ಕಲ್ ಹೆದ್ದಾರಿಯಲ್ಲಿ ಶಿಫ್ಟ್ ಬದಲಾಗುವ ಹೊತ್ತು

ಪಣಂಬೂರು ಬೀಚ್‌ಗೆ ಬಂದು ಹೋದವರ ಮೊಬೈಲ್‌ನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ಮುಂದೆ ಅಲೆ, ದೂರದಲ್ಲಿ ಸಾಲಾಗಿ ನಿಂತ ಹಡಗುಗಳು. ಕಳೆದ ವರ್ಷ ನನ್ನ ಬೆಂಗಳೂರಿನ ಟೀಮ್‌ನವರು ಬಂದಾಗ ಅವರೂ ಅದೇ ಫೋಟೋ ತೆಗೆದರು. "ಆ ಹಡಗು ಬೆಳಿಗ್ಗೆಯಿಂದ ಅಲ್ಲೇ ಉಂಟಲ್ಲ, ಯಾಕೆ?" ಅಂತ ಒಬ್ಬಳು ನನ್ನ ಧಾಟಿಯಲ್ಲೇ ಅಣಕಿಸಿ ಕೇಳಿದಳು. ಬಂದರಿನ ಒಳಗೆ ಜಾಗ ಖಾಲಿಯಾಗಲಿ ಅಂತ ಕಾಯ್ತಾ ಉಂಟು ಅಂದೆ. ಅವಳ ಮುಂದಿನ ಪ್ರಶ್ನೆ: "ಅದರಲ್ಲಿ ಏನಿದೆ? ಅದನ್ನೆಲ್ಲ ಯಾರು ಇಳಿಸ್ತಾರೆ?"

ಆ ಪ್ರಶ್ನೆಗೆ ಬೀಚ್‌ನಲ್ಲಿ ನಿಂತು ಉತ್ತರ ಕೊಡಲಿಕ್ಕೆ ಆಗುವುದಿಲ್ಲ. ಹೆದ್ದಾರಿಗೆ ಬರಬೇಕು. ಅದಕ್ಕೇ ಈ ಬರಹ. ಮಂಗಳೂರಿನ ಉತ್ತರಕ್ಕೆ, ಕೂಳೂರು ಸೇತುವೆಯಿಂದ ಮುಕ್ಕದವರೆಗೆ, ರಾಷ್ಟ್ರೀಯ ಹೆದ್ದಾರಿ 66ರ ಹತ್ತು-ಹನ್ನೆರಡು ಕಿಲೋಮೀಟರ್. ಬೈಕ್‌ನಲ್ಲಿ ಇಪ್ಪತ್ತು ನಿಮಿಷದ ದಾರಿ. ಇಷ್ಟರೊಳಗೆ ಒಂದು ದೊಡ್ಡ ಬಂದರು, ಒಂದು ಗೊಬ್ಬರ ಕಾರ್ಖಾನೆ, ಒಂದು ಕಬ್ಬಿಣದ ಉಂಡೆ ಕಾರ್ಖಾನೆ, ಒಂದು ಕೈಗಾರಿಕಾ ಪ್ರದೇಶ, ಸ್ವಲ್ಪ ಒಳಗೆ ಹೋದರೆ ಒಂದು ತೈಲ ಶುದ್ಧೀಕರಣಾಗಾರ, ಕೊನೆಗೆ ಒಂದು ಎನ್‌ಐಟಿ. ಇವುಗಳ ಮಧ್ಯೆ ಮೀನುಗಾರರ ಊರುಗಳು, ಬೀಡಿ ಕಟ್ಟುವ ಮನೆಗಳು. ನಾನು ಹುಟ್ಟಿ ಬೆಳೆದದ್ದು ಇಲ್ಲೇ.

ಗದ್ದೆಯಲ್ಲಿ ಬಂದರು

ಮಂಗಳೂರಿನ ಹಳೆ ಬಂದರು ಪೇಟೆಯ ಬದಿಯಲ್ಲಿ, ನದಿಗಳು ಕಡಲು ಸೇರುವಲ್ಲಿ ಇದೆ. ಅಲ್ಲಿ ಅಳಿವೆಯಲ್ಲಿ ಹೂಳು ತುಂಬಿಕೊಳ್ಳುತ್ತದೆ, ದೊಡ್ಡ ಹಡಗು ಒಳಗೆ ಬರುವುದಿಲ್ಲ. ಹಡಗು ಕಡಲಲ್ಲೇ ನಿಲ್ಲಬೇಕು, ಸಣ್ಣ ದೋಣಿ, ಮಂಜಿಗಳಲ್ಲಿ ಸಾಮಾನು ತರಬೇಕು. ಮಳೆಗಾಲ ಬಂತೆಂದರೆ ಅದೂ ಬಂದ್.

ಹಾಗಾಗಿ ಪಣಂಬೂರಿನಲ್ಲಿ ಹೊಸ ಬಂದರು ಮಾಡುವುದು ಅಂತ ಆಯಿತು. ಇದರ ಹಿಂದೆ ಹಟ ಹಿಡಿದು ನಿಂತವರು ಆಗಿನ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು. ಇಲ್ಲಿ ಪ್ರಕೃತಿ ಮಾಡಿಕೊಟ್ಟ ಕೊಲ್ಲಿ ಇಲ್ಲ. ದಡದ ನೆಲವನ್ನೇ ಅಗೆದು, ಕೆರೆಯ ಹಾಗೆ ಆಳ ಮಾಡಿ, ಕಡಲಿನಿಂದ ಒಂದು ಕಾಲುವೆ ಕೊಟ್ಟು ಮಾಡಿದ ಬಂದರು ಇದು. ಕೆಲಸ ಶುರುವಾದದ್ದು 1962ರಲ್ಲಿ. 1974ರ ಮೇ ತಿಂಗಳಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು.

ಈಗ ವರ್ಷಕ್ಕೆ 4 ಕೋಟಿ ಟನ್‌ಗೂ ಹೆಚ್ಚು ಸರಕು ಇಲ್ಲಿ ಓಡಾಡುತ್ತದೆ. ನೀವು ಬೆಂಗಳೂರಿನಲ್ಲಿ ಕೂತು ಗ್ಯಾಸ್ ಸಿಲಿಂಡರ್ ಬುಕ್ ಮಾಡಿದರೆ, ಅದರೊಳಗಿನ ಅನಿಲ ಇಲ್ಲಿ ಹಡಗಿನಿಂದ ಇಳಿದದ್ದೇ ಆಗಿರಬಹುದು. ಕಚ್ಚಾ ತೈಲ, ಕಲ್ಲಿದ್ದಲು, ಅಡುಗೆ ಎಣ್ಣೆ, ಗೊಬ್ಬರ, ಮರದ ದಿಮ್ಮಿ ಒಳಗೆ ಬರುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ, ಗೇರುಬೀಜ, ಪೆಟ್ರೋಲ್-ಡೀಸೆಲ್ ಹೊರಗೆ ಹೋಗುತ್ತದೆ. ಬೀಚ್ ಫೋಟೋದ ಹಡಗಿನಲ್ಲಿ ಇದರಲ್ಲಿ ಯಾವುದೋ ಒಂದು ಇರುತ್ತದೆ.

ಬಂದರು ಆಗುವ ಮೊದಲು ಆ ಜಾಗ ಖಾಲಿ ಮರಳಾಗಿರಲಿಲ್ಲ. ತೆಂಗಿನ ತೋಟ ಇತ್ತು, ಗದ್ದೆ ಇತ್ತು, ಮನೆಗಳಿದ್ದವು. ನನ್ನ ಅಜ್ಜನದ್ದೂ ಒಂದು.

ನಂಬರ್ ಇರುವ ಊರು

ಸುರತ್ಕಲ್ ಜಂಕ್ಷನ್‌ನಲ್ಲಿ ಬಸ್ ಇಳಿದು ಪೂರ್ವಕ್ಕೆ ತಿರುಗಿದರೆ ಕೃಷ್ಣಾಪುರ, ಕಾಟಿಪಳ್ಳ. ಇಲ್ಲಿ ವಿಳಾಸ ಹೇಳುವ ಕ್ರಮವೇ ಬೇರೆ. "ನಿಮ್ಮ ಮನೆ ಎಲ್ಲಿ?" ಅಂದರೆ "ಮೂರನೇ ಬ್ಲಾಕ್", "ಏಳನೇ ಬ್ಲಾಕ್" ಅಂತಾರೆ. ಬೆಂಗಳೂರಿನ ಜಯನಗರದವರಿಗೆ ಇದು ವಿಶೇಷ ಅನ್ನಿಸಲಿಕ್ಕಿಲ್ಲ. ಆದರೆ ಕರಾವಳಿಯ ಹಳ್ಳಿಗಳಲ್ಲಿ ಜಾಗಕ್ಕೆ ಗುತ್ತು, ಪಡ್ಪು, ಬೆಟ್ಟು, ಕಾಡು ಅಂತ ಹೆಸರಿರುತ್ತದೆ, ನಂಬರ್ ಇರುವುದಿಲ್ಲ. ನಮ್ಮಲ್ಲಿ ನಂಬರ್ ಇರುವುದಕ್ಕೆ ಕಾರಣ ಉಂಟು. ಬಂದರಿಗಾಗಿ ಎಬ್ಬಿಸಿದ ಕುಟುಂಬಗಳಿಗೆ ಗುಡ್ಡೆಯ ಮೇಲೆ ಸೈಟ್ ಅಳೆದು ಕೊಟ್ಟ ಜಾಗ ಇದು.

ಕಡಲ ದಡದಿಂದ ಮುರಕಲ್ಲಿನ ಗುಡ್ಡೆಗೆ ಬಂದಾಗ ನನ್ನ ಅಪ್ಪ ಸಣ್ಣ ಹುಡುಗ. ಅಜ್ಜಿ ಬದುಕಿರುವವರೆಗೂ ಹೇಳ್ತಿದ್ದದ್ದು ಒಂದೇ ಮಾತು: "ಅಲ್ಲಿ ಎರಡು ಕೈ ಅಗೆದ್ರೆ ನೀರು ಮಾರಾಯ, ಇಲ್ಲಿ ಕೊಡಪಾನ ಹಿಡ್ಕೊಂಡು ಲೈನ್ ನಿಲ್ಲಬೇಕು."

ಇದು ಒಂದೇ ಸಲ ಆದದ್ದಲ್ಲ. ಶುದ್ಧೀಕರಣಾಗಾರ ಬಂದಾಗ ಕುತ್ತೆತ್ತೂರು ಕಡೆಯವರು ಎದ್ದರು, ಅವರಿಗೆ ಚೇಳ್ಯಾರಿನಲ್ಲಿ ಕಾಲೊನಿ ಆಯಿತು. ಆಮೇಲೆ ವಿಶೇಷ ಆರ್ಥಿಕ ವಲಯಕ್ಕಾಗಿ ಪೆರ್ಮುದೆ, ಕಳವಾರು ಕಡೆ ಜಮೀನು ಹೋಯಿತು. ಅದರ ಎರಡನೇ ಹಂತಕ್ಕೆ ಜನ ಗಟ್ಟಿಯಾಗಿ ವಿರೋಧ ಮಾಡಿದ್ದರಿಂದ 2011ರಲ್ಲಿ ಸರ್ಕಾರ ಆ ಭೂಸ್ವಾಧೀನ ಕೈಬಿಟ್ಟಿತು. ನಮ್ಮ ಊರುಗಳಲ್ಲಿ 'ಸರ್ವೆಯವರು ಬಂದಿದ್ದಾರೆ' ಅನ್ನುವ ಮಾತು ಇವತ್ತಿಗೂ ಜನರನ್ನು ಅಂಗಳಕ್ಕೆ ತರುತ್ತದೆ.

ಚಿಮಣಿಗಳ ಲೆಕ್ಕ

ಹೆದ್ದಾರಿಗೆ ವಾಪಸ್ ಬರೋಣ. ಕೂಳೂರು ಸೇತುವೆ ದಾಟಿ ಉತ್ತರಕ್ಕೆ ಹೊರಟರೆ ಮೊದಲು ಮೂಗಿಗೆ ಗೊತ್ತಾಗುವುದು ಗೊಬ್ಬರ ಕಾರ್ಖಾನೆ, ಎಂಸಿಎಫ್. 1976ರಿಂದ ಇಲ್ಲಿ ಯೂರಿಯಾ ತಯಾರಾಗುತ್ತಿದೆ. ಮೊದಲು ನಾಫ್ತಾ ಸುಡುತ್ತಿದ್ದರು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಉದ್ದದ ಅನಿಲ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತಲ್ಲ, ಅದು ಬಂದ ಮೇಲೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ದಾವಣಗೆರೆಯ ಭತ್ತದ ಗದ್ದೆಗೂ ಈ ಚಿಮಣಿಗೂ ನಂಟು ಉಂಟು.

ಬಂದರಿಗೆ ತಾಗಿಕೊಂಡೇ ಇರುವುದು ಕೆಐಒಸಿಎಲ್, ನಮ್ಮ ಬಾಯಲ್ಲಿ ಈಗಲೂ 'ಕುದುರೆಮುಖ'. ಕುದುರೆಮುಖದ ಬೆಟ್ಟದಲ್ಲಿ ಅಗೆದ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪ್‌ನಲ್ಲಿ ಘಟ್ಟದಿಂದ ಕೆಳಗೆ ಪಣಂಬೂರಿಗೆ ಹರಿಸುತ್ತಿದ್ದರು. ಇಲ್ಲಿ ಅದನ್ನು ಗೋಲಿಯಷ್ಟು ದೊಡ್ಡ ಉಂಡೆ ಮಾಡಿ ಹಡಗಿಗೆ ಹಾಕುವುದು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಬೆಟ್ಟದ ಗಣಿಗಾರಿಕೆ ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತು. ಕಾರ್ಖಾನೆ ಮಾತ್ರ ಅದಿರಿಗಾಗಿ ಛತ್ತೀಸಗಢದ ಕಡೆ ನೋಡಬೇಕಾಯಿತು. ಅಲ್ಲಿನ ಅದಿರು ರೈಲಿನಲ್ಲಿ ವಿಶಾಖಪಟ್ಟಣಕ್ಕೆ ಬಂದು, ಅಲ್ಲಿಂದ ಹಡಗಿನಲ್ಲಿ ದೇಶದ ತುದಿ ಸುತ್ತಿ ಪಣಂಬೂರಿಗೆ ಬರುವ ವ್ಯವಸ್ಥೆ. ಘಟ್ಟದ ಅದಿರು ಬರುತ್ತಿದ್ದ ಕಾರ್ಖಾನೆಗೆ ಇಷ್ಟು ದೂರದ ಅದಿರು ತಂದು ಓಡಿಸುವುದು ಸುಲಭವಲ್ಲ. ಕೆಲಸ ನಿಂತಾಗ ಏನಾಗುತ್ತದೆ ಅನ್ನುವುದು ಸುತ್ತಲಿನ ಹೋಟೆಲು, ಲಾರಿ, ಬಾಡಿಗೆ ರೂಮಿನವರಿಗೆ ಮೊದಲು ಗೊತ್ತಾಗುತ್ತದೆ.

ಇನ್ನು ದೊಡ್ಡಣ್ಣ, ಎಂಆರ್‌ಪಿಎಲ್. 1988ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಗುಂಪು ಸೇರಿ ಕಟ್ಟಿದ ಕಂಪನಿ. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದಿಂದ ಶುರುವಾಗಿ ಈಗ 1.5 ಕೋಟಿ ಟನ್‌ಗೆ ಬಂದಿದೆ. 2003ರಲ್ಲಿ ಒಎನ್‌ಜಿಸಿ ಕೈಗೆ ಹೋಯಿತು. ರಾತ್ರಿ ನಮ್ಮ ಮನೆಯ ಟೆರೇಸ್ ಹತ್ತಿದರೆ ಅದರ ಲೈಟು ಒಂದು ಪೇಟೆಯ ಹಾಗೆ ಕಾಣುತ್ತದೆ. ಕರೆಂಟ್ ಹೋದ ರಾತ್ರಿಗಳಲ್ಲಿ ಅದರ ಬೆಂಕಿಯ ಬೆಳಕಿನಲ್ಲಿ ನಾವು ಅಂಗಳದಲ್ಲಿ ಆಡಿದ್ದುಂಟು.

ಪರ್ಮನೆಂಟಾ, ಕಂಟ್ರಾಕ್ಟಾ?

ನಮ್ಮ ಕಡೆ ಹುಡುಗನಿಗೆ ಹೆಣ್ಣು ಕೇಳಲಿಕ್ಕೆ ಹೋದರೆ 'ಯಾವ ಕಂಪನಿ' ಅನ್ನುವುದು ಎರಡನೇ ಪ್ರಶ್ನೆ. ಮೊದಲನೆಯದು 'ಪರ್ಮನೆಂಟಾ, ಕಂಟ್ರಾಕ್ಟಾ?'

ಒಂದೇ ಗೇಟು, ಒಂದೇ ಬಣ್ಣದ ಹೆಲ್ಮೆಟ್, ಒಂದೇ ಬಿಸಿಲು. ಆದರೆ ಒಬ್ಬನಿಗೆ ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ಮನೆಯವರಿಗೆಲ್ಲ ಆಸ್ಪತ್ರೆ ಖರ್ಚು. ಇನ್ನೊಬ್ಬನಿಗೆ ದಿನದ ಲೆಕ್ಕದ ಸಂಬಳ ಮತ್ತು ಅವಧಿ ಮುಗಿಯುವ ಗೇಟ್‌ಪಾಸ್. ನನ್ನ ಅಪ್ಪ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದರು. ಈ ಇಪ್ಪತ್ತಾರು ವರ್ಷದಲ್ಲಿ ಅವರ ಕಂಟ್ರಾಕ್ಟರ್ ಒಂಬತ್ತು ಸಲ ಬದಲಾದರು, ಅಪ್ಪ ನಿಲ್ಲುವ ಪಂಪ್‌ಹೌಸ್ ಬದಲಾಗಲಿಲ್ಲ. ಪ್ರತೀ ಸಲ ಹೊಸ ಕಂಪನಿಯ ಹೆಸರಿನ ಪಾಸ್, ಹೊಸ ಪಿಎಫ್ ನಂಬರ್, ಸರ್ವಿಸ್ ಮತ್ತೆ ಸೊನ್ನೆಯಿಂದ. ಎಲ್ಲಿ ಯಾವ ವಾಲ್ವ್ ಕೈಕೊಡ್ತದೆ ಅಂತ ಹೊಸದಾಗಿ ಸೇರಿದ ಇಂಜಿನಿಯರ್‌ಗಳಿಗೆ ಅವರೇ ತೋರಿಸಿಕೊಡುತ್ತಿದ್ದರು.

ನಾನು ಸಾಫ್ಟ್‌ವೇರ್ ಕಂಪನಿಗೆ ಸೇರಿದ ಮೇಲೆ ಇದೇ ಕ್ರಮ ಅಲ್ಲೂ ಕಂಡೆ. ಕ್ಲೈಂಟ್ ಆಫೀಸಿನಲ್ಲಿ ಬೇರೆ ಬಣ್ಣದ ಬ್ಯಾಡ್ಜ್ ಹಾಕಿಕೊಂಡು ಕೂತವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ವ್ಯತ್ಯಾಸ ಇಷ್ಟೇ, ನಮಗೆ ಎಸಿ ಉಂಟು.

ಎರಡು-ಮೂರು ವರ್ಷಕ್ಕೊಮ್ಮೆ 'ಶಟ್‌ಡೌನ್' ಬರುತ್ತದೆ. ಘಟಕವನ್ನು ಕೆಲವು ವಾರ ನಿಲ್ಲಿಸಿ, ಬಿಚ್ಚಿ, ತೊಳೆದು, ರಿಪೇರಿ ಮಾಡುವ ಕಾಲ. ಆಗ ಒಡಿಶಾ, ಬಿಹಾರ, ಜಾರ್ಖಂಡ್, ಗುಜರಾತ್ ಕಡೆಯ ವೆಲ್ಡರ್, ರಿಗ್ಗರ್‌ಗಳು ಸಾವಿರಗಟ್ಟಲೆ ಬಂದು ಇಳಿಯುತ್ತಾರೆ. ಕಾನ, ಕುಳಾಯಿ, ಬೈಕಂಪಾಡಿಯ ಬಾಡಿಗೆ ಕೋಣೆಗಳೆಲ್ಲ ಭರ್ತಿ. ಸಂಜೆ ಕಾನದ ಅಂಗಡಿಗಳ ಮುಂದೆ ತುಳು, ಬ್ಯಾರಿ, ಹಿಂದಿ, ಒಡಿಯಾ ಒಟ್ಟಿಗೆ ಕೇಳುತ್ತದೆ. ಮೊದಲು ಗೋಳಿಬಜೆ ಮಾತ್ರ ಇದ್ದ ಕಡೆ ಈಗ ಲಿಟ್ಟಿ ಸಿಗುತ್ತದೆ, ಚೆನ್ನಾಗಿರುತ್ತದೆ.

ಇದರ ಜೊತೆಗೇ ಒಂದು ಬೇಜಾರೂ ಉಂಟು. 2021ರಲ್ಲಿ ಎಂಆರ್‌ಪಿಎಲ್ ನೇಮಕಾತಿ ಪಟ್ಟಿಯಲ್ಲಿ ಜಿಲ್ಲೆಯವರು ಬೆರಳೆಣಿಕೆಯಷ್ಟೇ ಅಂತ ದೊಡ್ಡ ಗದ್ದಲವಾಯಿತು. ಜಾಗ ಕೊಟ್ಟವರ ಮನೆಗೆ ಕೆಲಸ ಎಲ್ಲಿ ಅನ್ನುವ ಪ್ರಶ್ನೆ ಹಳೆಯದು. ಕಂಪನಿಗಳ ಕಡೆಯ ಉತ್ತರವೂ ಹಳೆಯದೇ: ದೇಶಮಟ್ಟದ ಪರೀಕ್ಷೆ, ಯಾರು ಪಾಸಾದರೆ ಅವರು. ನನಗನ್ನಿಸುವುದು, ಒಡಿಶಾದಿಂದ ಬಂದ ವೆಲ್ಡರ್ ನಮ್ಮ ಎದುರಾಳಿ ಅಲ್ಲ. ಅವನದ್ದೂ ಅಪ್ಪನ ಹಾಗಿನ ಪಾಸೇ. ಅವನ ಊರಲ್ಲೂ ಯಾವುದೋ ಗಣಿಗೋ ಕಾರ್ಖಾನೆಗೋ ಯಾರೋ ಮನೆ ಬಿಟ್ಟಿರಬಹುದು.

ಬೋರ್ಡ್ ಇಲ್ಲದ ಕಾರ್ಖಾನೆ

ಇಷ್ಟೆಲ್ಲ ಚಿಮಣಿ ಇದ್ದರೂ ನನ್ನ ಇಂಜಿನಿಯರಿಂಗ್ ಫೀಸಿನ ದೊಡ್ಡ ಪಾಲು ಬಂದದ್ದು ಹೊಗೆ ಬಿಡದ ಒಂದು ಕಾರ್ಖಾನೆಯಿಂದ. ಅದು ನಮ್ಮ ಮನೆಯ ಜಗಲಿ. ಅಮ್ಮ ಬೀಡಿ ಕಟ್ಟುತ್ತಿದ್ದರು.

ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಈ ಕಥೆ ಇದೆ. ಬ್ರಾಂಚ್‌ನಿಂದ ಎಲೆ, ಹೊಗೆಸೊಪ್ಪು, ನೂಲು ತೂಕ ಮಾಡಿ ತರುವುದು. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ತಡ್ಪೆ ಮಡಿಲಲ್ಲಿ ಇಟ್ಟುಕೊಂಡು ಸುತ್ತುವುದು, ತುದಿ ಮಡಚಿ ನೂಲು ಕಟ್ಟುವುದು. ಲೆಕ್ಕ ಸಾವಿರಕ್ಕೆ ಇಷ್ಟು ಅಂತ. ಬ್ರಾಂಚ್‌ನಲ್ಲಿ ಸರಿ ಇಲ್ಲ ಅಂತ ತೆಗೆದಿಟ್ಟ ಬೀಡಿಗೆ ಕೂಲಿ ಇಲ್ಲ. ಎಲೆ ಬರುವುದು ಮಧ್ಯ ಭಾರತದ ಕಾಡುಗಳಿಂದ, ಹೊಗೆಸೊಪ್ಪು ಗುಜರಾತ್, ನಿಪ್ಪಾಣಿ ಕಡೆಯಿಂದ. ಅಂದರೆ ಅಮ್ಮನ ತಡ್ಪೆಯೂ ಒಂದು ಸಣ್ಣ ಬಂದರೇ.

ಒಳ್ಳೆಯದೂ ಉಂಟು. ಬೀಡಿ ಕಾರ್ಮಿಕರಿಗೆ ಪಿಎಫ್ ಇದೆ, ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಸ್ಕಾಲರ್‌ಶಿಪ್ ಇದೆ. ಅಪ್ಪನ ಪಿಎಫ್ ಒಂಬತ್ತು ತುಂಡಾಗಿದ್ದಾಗ, ಮನೆಯಲ್ಲೇ ಕೂತು ಕೆಲಸ ಮಾಡಿದ ಅಮ್ಮನದ್ದು ಒಂದೇ ಖಾತೆಯಲ್ಲಿ ಬೆಳೆದಿತ್ತು. ನನ್ನ ಮೂರನೇ ವರ್ಷದ ಫೀಸ್ ಕಟ್ಟಿದ್ದು ಅದರಿಂದ. ಕೆಟ್ಟದ್ದು ಅಮ್ಮನ ಬೆನ್ನಿಗೆ ಮತ್ತು ಕೆಮ್ಮಿಗೆ ಗೊತ್ತು. ಈಗ ನಮ್ಮ ಬ್ಲಾಕ್‌ನ ಬ್ರಾಂಚ್‌ನಲ್ಲಿ ವಾರಕ್ಕೆ ಮೂರು-ನಾಲ್ಕು ದಿನದ ಕೆಲಸ ಮಾತ್ರ. ಸಿಗರೇಟು, ಬೀಡಿ ಕಡಿಮೆಯಾಗಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಐವತ್ತು ದಾಟಿದ ಈ ಹೆಂಗಸರಿಗೆ ಬದಲಿ ಕೆಲಸ ಏನು ಅಂತ ಯಾರೂ ಹೇಳಿಲ್ಲ. ಸ್ವಲ್ಪ ಜನ ಬೈಕಂಪಾಡಿಯ ಗೇರುಬೀಜ, ಮೀನು ಸಂಸ್ಕರಣೆಯ ಘಟಕಗಳಿಗೆ ಹೋಗುತ್ತಾರೆ. ಉಳಿದವರು ಮನೆಯಲ್ಲಿ.

ಕಡಲು ಬಿಡದವರು

ಹೆದ್ದಾರಿಯ ಪಶ್ಚಿಮಕ್ಕೆ ಚಿತ್ರಾಪುರ, ಹೊಸಬೆಟ್ಟು, ಮುಕ್ಕ, ಸಸಿಹಿತ್ಲು. ಮೊಗವೀರರ ಊರುಗಳು. ಒಂದು ಕಾಲದಲ್ಲಿ ಇಲ್ಲಿ ರಂಪಣಿ. ಊರಿಗೆ ಊರೇ ದಡದಲ್ಲಿ ನಿಂತು ಉದ್ದದ ಬಲೆ ಎಳೆದು, ಸಿಕ್ಕಿದ್ದನ್ನು ಪಾಲು ಮಾಡಿಕೊಳ್ಳುವ ಮೀನುಗಾರಿಕೆ. ಎಪ್ಪತ್ತರ ದಶಕದ ನಡುವಿನಿಂದ ಪರ್ಸಿನ್ ಬೋಟ್‌ಗಳು ಬಂದ ಮೇಲೆ ರಂಪಣಿ ಮುಗಿಯಿತು. ಮೀನು ದಡಕ್ಕೆ ಬರುವ ಮೊದಲೇ ಬೋಟು ಹಿಡಿದುಬಿಡುತ್ತದೆ.

ಈಗ ಈ ಊರುಗಳ ಗಂಡಸರು ನಸುಕಿಗೆ ಮಂಗಳೂರಿನ ಧಕ್ಕೆಗೆ ಹೋಗುತ್ತಾರೆ, ಇಲ್ಲವೇ ಮಲ್ಪೆಗೆ. ಬೋಟಿನ ಮಾಲೀಕರು ಇಲ್ಲಿಯವರಾದರೂ ಒಳಗೆ ಬಲೆ ಎಳೆಯುವವರಲ್ಲಿ ಆಂಧ್ರ, ತಮಿಳುನಾಡು, ಒಡಿಶಾದವರು ತುಂಬ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆ ಎರಡು ತಿಂಗಳು ನಾಡದೋಣಿಯವರದ್ದು. ಮಳೆಗಾಲದ ಬೂತಾಯಿ, ಬಂಗುಡೆಗೆ ನಮ್ಮ ಮನೆಗಳಲ್ಲಿ ಕಾಯುವ ಕ್ರಮ ನಿಮ್ಮ ಐಪಿಎಲ್‌ಗಿಂತ ಕಡಿಮೆ ಅಲ್ಲ. ಮೀನು ಮಾರುವವರು ಮಾತ್ರ ಇವತ್ತಿಗೂ ಇಲ್ಲಿನ ಹೆಂಗಸರೇ. ಬೆಳಿಗ್ಗೆ ಬಸ್ಸಿನ ಹಿಂದಿನ ಬಾಗಿಲಲ್ಲಿ ಬುಟ್ಟಿ ಇಟ್ಟು, ಕಂಡಕ್ಟರ್ ಹತ್ರ ಜಗಳ ಮಾಡಿ, ಹತ್ತು ಗಂಟೆಯೊಳಗೆ ಸಂಸಾರದ ಅರ್ಧ ಖರ್ಚು ದುಡಿದು ಮುಗಿಸುತ್ತಾರೆ.

ಕಲಿತವರು ಹೋಗುವ ಊರು

ಸುರತ್ಕಲ್ ದಾಟಿದರೆ ಎನ್‌ಐಟಿಕೆ. 1960ರಲ್ಲಿ ಕೆಆರ್‌ಇಸಿ ಆಗಿ ಶುರುವಾದ ಕಾಲೇಜು, ಇದರ ಹಿಂದೆಯೂ ಮಲ್ಯರೇ. ಹೆದ್ದಾರಿ ಕ್ಯಾಂಪಸ್ಸಿನ ನಡುವೆಯೇ ಹೋಗುತ್ತದೆ, ಅದರದ್ದೇ ಬೀಚ್ ಇದೆ. ದೇಶದ ಮೂಲೆಮೂಲೆಯಿಂದ ಮಕ್ಕಳು ಇಲ್ಲಿಗೆ ಬರುತ್ತಾರೆ, ನಾಲ್ಕು ವರ್ಷ ಕಲಿತು ಬೆಂಗಳೂರು, ಅಮೆರಿಕ ಅಂತ ಹೋಗುತ್ತಾರೆ. ನಾವು ಪಕ್ಕದ ಸಣ್ಣ ಕಾಲೇಜುಗಳಲ್ಲಿ ಕಲಿತವರೂ ಅದನ್ನೇ ಮಾಡುತ್ತೇವೆ.

ಹೋಗುವುದು ಇಲ್ಲಿಗೆ ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದವರು ಬೊಂಬಾಯಿಯ ಹೋಟೆಲಿಗೆ ಹೋದರು, ಹಗಲು ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಕಲಿತರು. ಮಾವಂದಿರು ಗಲ್ಫ್‌ಗೆ ಹೋದರು. ಕೃಷ್ಣಾಪುರ, ಕಾಟಿಪಳ್ಳದ ಚಂದದ ಮನೆಗಳಲ್ಲಿ ಹೆಚ್ಚಿನವು ದುಬೈ, ಜುಬೈಲ್‌ನ ದುಡ್ಡಿನವು. ಜುಬೈಲ್‌ನಲ್ಲಿ ಅವರು ಮಾಡಿದ್ದೂ ರಿಫೈನರಿ ಕೆಲಸವೇ ಅನ್ನುವುದು ತಮಾಷೆ. ಅಲ್ಲಿನ ಚಿಮಣಿ ಕೆಳಗೆ ನಮ್ಮವರು, ಇಲ್ಲಿನ ಚಿಮಣಿ ಕೆಳಗೆ ಇನ್ಯಾರೋ.

ಕೊಂಕಣ ರೈಲು ಬಂದು ಸುರತ್ಕಲ್‌ಗೂ ಒಂದು ಸ್ಟೇಷನ್ ಆಯಿತು. ಇಲ್ಲಿ ಲಾರಿಗಳನ್ನೇ ರೈಲಿಗೆ ಹತ್ತಿಸಿ ಮಹಾರಾಷ್ಟ್ರದ ಕೊಲಾಡ್‌ವರೆಗೆ ಕಳಿಸುತ್ತಾರೆ. ಡ್ರೈವರ್ ತನ್ನ ಲಾರಿಯಲ್ಲೇ ಮಲಗಿಕೊಂಡು ಹೋಗುವ ದೃಶ್ಯ ನೋಡಲಿಕ್ಕೆ ಚಂದ. ಮಧ್ಯಾಹ್ನದ ಹೊತ್ತು ಮತ್ಸ್ಯಗಂಧ ಎಕ್ಸ್‌ಪ್ರೆಸ್ ನಿಂತಾಗ ಮುಂಬೈಗೆ ಹೊರಟವರ ಕೈಯಲ್ಲಿ ಕುಚ್ಚಲಕ್ಕಿ ಚೀಲ, ಒಣಮೀನಿನ ಕಟ್ಟು.

ನೀವು ಬಂದರೆ

ಬಂದರಿನೊಳಗೆ ಸುಮ್ಮನೆ ಬಿಡುವುದಿಲ್ಲ, ಕಾರ್ಖಾನೆಗಳಿಗೂ ಇಲ್ಲ. ಆದರೆ ನೋಡಬೇಕಾದದ್ದು ಗೇಟಿನ ಹೊರಗೇ ಉಂಟು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪ್‌ನಿಂದ ಸುರತ್ಕಲ್ ಕಡೆಯ ಸಿಟಿ ಬಸ್ ಹತ್ತಿ. ಮಧ್ಯಾಹ್ನ ಎರಡು-ಮೂರರ ನಡುವೆ, ಶಿಫ್ಟ್ ಬದಲಾಗುವ ಹೊತ್ತಿಗೆ ಪಣಂಬೂರು, ಬೈಕಂಪಾಡಿ ದಾಟುವ ಹಾಗೆ ನೋಡಿಕೊಳ್ಳಿ. ಹತ್ತುವವರ ಕೊರಳಲ್ಲಿ ತೂಗುವ ಪಾಸ್‌ಗಳನ್ನು ಗಮನಿಸಿ. ಸುರತ್ಕಲ್‌ನಲ್ಲಿ ಇಳಿದು ಬನ್ಸ್, ಚಾ ಮುಗಿಸಿ ಲೈಟ್‌ಹೌಸ್ ಬೀಚ್‌ಗೆ ನಡೆಯಿರಿ. ಅಲ್ಲಿಂದ ದಕ್ಷಿಣಕ್ಕೆ ಹಡಗುಗಳು ಕಾಣುತ್ತವೆ. ಈಗ ಅವುಗಳಲ್ಲಿ ಏನಿದೆ, ಯಾರು ಕಾಯುತ್ತಿದ್ದಾರೆ ಅಂತ ನಿಮಗೆ ಗೊತ್ತು.

ನಾಲ್ಕೈದು ವರ್ಷದಿಂದ ನಾನು ಅರ್ಧ ತಿಂಗಳು ಮನೆಯಿಂದಲೇ ಕೆಲಸ ಮಾಡುವುದು. ಬರುವ ವರ್ಷದಿಂದ ಎಲ್ಲರೂ ಆಫೀಸಿಗೆ ಬರಬೇಕು ಅಂತ ಮೇಲ್ ಬಂದಿದೆ. ನಾನು ಹೋಗುತ್ತೇನೆ, ನಮ್ಮಲ್ಲಿ ಹೋಗುವುದು ಎಲ್ಲರಿಗೂ ಅಭ್ಯಾಸ. ಆದರೆ ಚಿಕ್ಕಮ್ಮನ ಮಗಳು ಹೋಗುವುದಿಲ್ಲ ಅಂತ ಕೂತಿದ್ದಾಳೆ. ಕೆಮಿಕಲ್ ಡಿಪ್ಲೊಮಾ ಮುಗಿಸಿ ಈಗ ಇಲ್ಲಿಯ ಒಂದು ಘಟಕದಲ್ಲಿ ಒಂದು ವರ್ಷದ ಅಪ್ರೆಂಟಿಸ್. ನಮ್ಮ ಕುಟುಂಬದಲ್ಲಿ ಗೇಟಿನ ಒಳಗೆ ಕಂಟ್ರೋಲ್ ರೂಮ್‌ವರೆಗೆ ಹೋದ ಮೊದಲನೆಯವಳು ಅವಳು. ಪ್ರತೀ ಸಂಜೆ ಬಂದು ಅಪ್ಪನ ಹತ್ರ ಕೂತು ಆ ದಿನ ಯಾವ ಪಂಪ್ ಸದ್ದು ಮಾಡಿತು ಅಂತ ಹೇಳುತ್ತಾಳೆ, ಅಪ್ಪ ಯಾಕೆ ಅಂತ ಹೇಳಿಕೊಡುತ್ತಾರೆ.

"ವರ್ಷ ಆದ ಮೇಲೆ ಎಂತ ಮಾಡ್ತಿ?" ಅಂತ ಕೇಳಿದೆ.

"ಪರೀಕ್ಷೆ ಬರೀತೇನೆ ಅಣ್ಣ. ಇಲ್ಲೇ ಬೇಕು ನಂಗೆ," ಅಂದಳು.

ಅವಳ ಪಾಸ್‌ನಲ್ಲಿರುವ ಕೊನೆಯ ದಿನಾಂಕ ಆಗಸ್ಟ್ 31.